ನಳಿಗೆಯಲ್ಲಿ ಸಿಕ್ಕ ಗುಂಡು ಮತ್ತು ನನ್ನ ಎರಡು ಪೌಂಡಿನ ಸುತ್ತಿಗೆ

"ಈ ಸುತ್ತಿಗೆ ತಗೊಂಡು ರಿವಾಲ್ವರಿಗೆ ಹೊಡೀತೀಯಾ? ಕುಲುಮೆ ಹಾಕ್ಕೋ ಹೋಗು ಮಾರಾಯ" ಅಂದಿದ್ದರು ನಮ್ಮ ಪೇಟೆಯ ಹಿರಿಯರೊಬ್ಬರು. ನಲವತ್ತು ವರ್ಷದಿಂದ ಕೋವಿ ರಿಪೇರಿ ಮಾಡುವವರು, ನಾನೂ ಅದೇ ಕಸುಬಿನವನು. ಈಗ ಅವರ ಅಂಗಡಿಗೆ ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡ ಕೇಸ್ ಬಂದರೆ ಸೀದಾ ನನ್ನ ಹತ್ರ ಕಳಿಸುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲು ಸೋತ ಕಥೆ. 2019ರಲ್ಲಿ ಇರಬೇಕು, ಒಂದು .32 ರಿವಾಲ್ವರ್ (ನಳಿಗೆಯ ತೂತು ಸುಮಾರು ಎಂಟು ಮಿ.ಮೀ.) ಬಂತು. ಗುಂಡು ನಳಿಗೆಯ ನಡುವೆ ಕೂತಿತ್ತು. ಹಿತ್ತಾಳೆ ಕಡ್ಡಿ ಮಾಡಿಸಲು ಜಿಪುಣತನ ಮಾಡಿ ಹೊನ್ನೆ ಮರದ ಕಡ್ಡಿ ಕೆತ್ತಿ ಹೊಡೆದೆ. ಕಡ್ಡಿ ಓರೆಯಾಗಿ ಸೀಳಿತು. ಸೀಳಿದ ಚೂರು ಗುಂಡಿನ ಪಕ್ಕದಲ್ಲಿ ಇಳಿದು ಬೆಣೆ ಹೊಡೆದ ಹಾಗೆ ಕೂತುಬಿಟ್ಟಿತು. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಡ್ರಿಲ್ ಹಾಕಿದೆ. ಡ್ರಿಲ್ಲಿನ ಮೊನೆ ಮೆತ್ತನೆ ಸೀಸ ಬಿಟ್ಟು ಪಕ್ಕಕ್ಕೆ ಜಾರಿ, ಗುಂಡನ್ನು ತಿರುಗಿಸಲು ನಳಿಗೆಯ ಒಳಗೆ ಕೊರೆದಿರುವ ಗೆರೆಗಳನ್ನೇ ತಿಂದುಹಾಕಿತು. ನಳಿಗೆ ಹೋಯ್ತು. ರಾಜಿ ಮಾಡಿಕೊಂಡಾಗ ನನ್ನ ಕೈಯಿಂದ ಹದಿನೆಂಟು ಸಾವಿರದ ಹತ್ತಿರ ಬಿತ್ತು. ಕಾಗದಪತ್ರಕ್ಕೆ ಅಲೆದಿದ್ದು ಬೇರೆ.

ಎರಡನೇ ಸಲ ಬುದ್ಧಿ ಬಂದಿತ್ತು, ಹಿತ್ತಾಳೆ ಕಡ್ಡಿ ಹಾಕಿದೆ. ಆದರೆ ಪುಟ್ಟ ಸುತ್ತಿಗೆಯಲ್ಲಿ ಟಿಕ್ ಟಿಕ್ ಅಂತ ಅರ್ಧ ದಿನ ಬಡಿದೆ. ಕಡ್ಡಿಗೆ ಹಾಕಿದ್ದ ಗುರುತು ಮೂರು ಮಿಲಿಮೀಟರ್ ಒಳಗೆ ಹೋಗಿತ್ತು. ಖುಷಿಯೋ ಖುಷಿ. ಹಿಂದಿನಿಂದ ಅಳೆದು ನೋಡಿದರೆ ಗುಂಡು ಕೂತಲ್ಲೇ ಕೂತಿದೆ! ಕಡ್ಡಿ ಒಳಗೆ ಹೋಗ್ತಿತ್ತು, ಗುಂಡು ಹೋಗ್ತಿರಲಿಲ್ಲ.

ಇದೇನು ಅಂತ ತಿಳಿಯಲು 8 ಮಿ.ಮೀ. ತೂತಿನ ಉಕ್ಕಿನ ಪೈಪಿನ ತುಂಡು ತಂದು, ಮೀನು ಬಲೆಯ ಸೀಸ ಕರಗಿಸಿ ಎರಕ ಹೊಯ್ದು, ಒಳಗೆ ಬಿಗಿಯಾಗಿ ಕೂರಿಸಿ ಅದೇ ಥರ ಬಡಿದೆ. ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿದರೆ ಸೀಸದ ತಲೆ ಅಣಬೆ ಅರಳಿದ ಹಾಗೆ ಅರಳಿ ಪೈಪಿನ ಗೋಡೆಗೆ ಒತ್ತಿಕೊಂಡಿತ್ತು. ಸಣ್ಣ ಏಟಿಗೆ ಗುಂಡು ಸರಿಯೋದಿಲ್ಲ, ರಿವೆಟ್ ಹೊಡೆದ ಹಾಗೆ ಅಗಲ ಆಗುತ್ತೆ. ಎಣಿಕೆಯಲ್ಲಿ ಕಡಿಮೆ, ಆದರೆ ಭಾರದ ಪೆಟ್ಟು ಬೇಕು. ಇಷ್ಟೇ ನನ್ನ ವಿದ್ಯೆ. ಇದನ್ನು ಹೇಳಿದ್ದಕ್ಕೇ ಹಿರಿಯರು ಕುಲುಮೆ ಹಾಕ್ಕೋ ಅಂದಿದ್ದು.

ಪರೀಕ್ಷೆಗೆ ಬಂದಿದ್ದು ಮೂಡಿಗೆರೆ ಕಡೆಯ ಕಾಫಿ ತೋಟದ ಗೌಡ್ರೊಬ್ಬರ ರಿವಾಲ್ವರ್. 2023ರ ವಿಧಾನಸಭೆ ಚುನಾವಣೆಗೆ ಠಾಣೆಯಲ್ಲಿಟ್ಟು ವಾಪಸ್ ತಂದಿದ್ದರು. ಮಳೆಗಾಲ ಕಳೆದ ಮೇಲೆ ತೋಟದ ಹಿಂದಿನ ದರೆಗೆ ಒಂದು ಈಡು ಹೊಡೆದು ನೋಡಿದ್ದಾರೆ. ಢಂ ಅನ್ನುವ ಬದಲು ಪುಸ್ ಅಂದಿದೆ. "ಇನ್ನೊಂದು ಹೊಡೀರಿ ಅಣ್ಣ, ಹಿಂದಿನದೂ ಹೊರಗೆ ಬರುತ್ತೆ" ಅಂದನಂತೆ ತೋಟದ ಲೆಕ್ಕ ಬರೆಯುವ ರೈಟರ್. ಪುಣ್ಯಕ್ಕೆ ಗೌಡ್ರು ಕೇಳಲಿಲ್ಲ. ಕೇಳಿದ್ದರೆ ನಳಿಗೆ ಉಬ್ಬುತ್ತಿತ್ತು, ಇಲ್ಲ ಸೀಳುತ್ತಿತ್ತು. ದರೆ ಕಡೆಗೇ ಹಿಡಿದುಕೊಂಡು ಅರ್ಧ ನಿಮಿಷ ಕಾದು, ತೋಟಾ (ಕಾರ್ಟ್ರಿಡ್ಜ್) ಕೂರುವ ತಿರುಗುವ ಸಿಲಿಂಡರ್ ತೆಗೆದು ಆರೂ ತೋಟಾ ಖಾಲಿ ಮಾಡಿ ತಂದಿದ್ದರು. ಖಾಲಿ ಆಗಿದೆ ಅಂತ ಅವರು ಹೇಳಿದರೂ ನಾನು ಎರಡು ಸಲ ನೋಡಿದೆ.

ಆ ಈಡಿನ ತೋಟಾದ ಖಾಲಿ ಕೊಳವೆಯಿಂದ ಮದ್ದು ಒದ್ದೆ ರಾಗಿಹಿಟ್ಟಿನ ಹಾಗೆ ಗಂಟುಗಂಟಾಗಿ ಉದುರಿತು. ಕೇಳಿದರೆ, ತುಕ್ಕು ಹಿಡಿಯಬಾರದು ಅಂತ ತೋಟಾ ತುಂಬಿದ ರಿವಾಲ್ವರಿಗೇ ಪ್ರತಿ ಮಳೆಗಾಲ ಎಣ್ಣೆ ಸ್ಪ್ರೇ ಹೊಡೆಯುತ್ತಿದ್ದರಂತೆ. ಎಣ್ಣೆ ಕೇಪಿನ (ತೋಟಾದ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಸಂದಿಯಿಂದ ಒಳಗೆ ಇಳಿದಿದೆ. ಕೇಪು ಮಾತ್ರ ಸಿಡಿದು ಗುಂಡನ್ನು ಒಂದೆರಡು ಇಂಚು ತಳ್ಳಿ ಕೈಬಿಟ್ಟಿದೆ.

ಕಡ್ಡಿ ಬಿಟ್ಟು ಅಳೆದೆ. ಮೂರು ಇಂಚಿನ ನಳಿಗೆ, ಗುಂಡಿನ ಮೂಗು ಬಾಯಿಯಿಂದ ಇಂಚಿನಷ್ಟು ಒಳಗೆ. ಮುಂದಕ್ಕೇ ತಳ್ಳಿದರೆ ಹತ್ತಿರ ಅಲ್ವಾ ಅಂತ ಗೌಡ್ರು. ಹತ್ತಿರವೇ, ಆದರೆ ಹಿಂದಿನಿಂದ ಫ್ರೇಮ್, ಅಂದರೆ ರಿವಾಲ್ವರಿನ ಚೌಕಟ್ಟು, ಅಡ್ಡ ಬರುತ್ತೆ, ನೇರ ಪೆಟ್ಟು ಬೀಳೋದಿಲ್ಲ. ಬಾಯಿ ಕಡೆಯಿಂದಲೇ ಹೊಡೆದು ಹಿಂದಕ್ಕೆ ಇಳಿಸಬೇಕು. ಸಿಲಿಂಡರ್ ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆ. ನಳಿಗೆಯ ಎರಡೂ ಕಡೆಯಿಂದ ಎಣ್ಣೆ ಬಿಟ್ಟೆ. ಸೀಮೆಎಣ್ಣೆ ಮತ್ತು ಗೇರ್ ಆಯಿಲ್ ಅರ್ಧಕ್ಕರ್ಧ. ಜೊತೆಗೆ ಇನ್ನೊಂದು ಸಾಮಾನು ಬೀಳುತ್ತೆ, ಅದು ನನ್ನ ಹತ್ರವೇ ಇರಲಿ. ಎರಡು ರಾತ್ರಿ ಹಾಗೇ ಬಿಟ್ಟೆ.

ಕಡ್ಡಿ ಹಿತ್ತಾಳೆಯದ್ದು, ಏಳು ಮಿ.ಮೀ. ಚಿಲ್ಲರೆ ದಪ್ಪ, ಮೇಲೆ ಒಂದು ಸುತ್ತು ಟೇಪು. ಉದ್ದನೆಯ ಒಂದೇ ಕಡ್ಡಿ ಬೇಡ, ಬಳುಕಿದರೆ ಪೆಟ್ಟಿನ ಜೀವ ಹೋಗುತ್ತೆ. ನನ್ನ ಹತ್ರ ಎರಡಿವೆ, ಎರಡೂವರೆ ಇಂಚಿನದ್ದೊಂದು, ಐದು ಇಂಚಿನದ್ದೊಂದು. ತುದಿಯನ್ನು ಗುಂಡಿನ ಮೂಗು ಕೂರುವ ಹಾಗೆ ಬಟ್ಟಲು ಮಾಡಿಸಿದ್ದೇನೆ. ಚೂಪು ತುದಿ ಹಾಕಿದರೆ ಸೀಸ ಸೀಳಿ ಅಗಲ ಆಗುತ್ತೆ. ಲೇತ್ ಕೆಲಸ ಸೇರಿ ಎಂಟುನೂರು ಆಗಿರಬಹುದು. ಆ ಹದಿನೆಂಟು ಸಾವಿರ ನೆನಪಾದಾಗೆಲ್ಲ ಹೊಟ್ಟೆ ಉರಿಯುತ್ತೆ.

ವೈಸ್‌ನಲ್ಲಿ ನಳಿಗೆಯನ್ನೇ ಮರ, ಚರ್ಮ ಕೊಟ್ಟು ಹಿಡಿದೆ. ಫ್ರೇಮ್ ಹಿಡಿದು ಹೊಡೆದರೆ ಅದು ತಿರುಚಿಕೊಳ್ಳುತ್ತೆ. ಸಿಲಿಂಡರ್ ಕೂರುವ ಫ್ರೇಮಿನ ಕಿಟಕಿಗೆ ಬಟ್ಟೆ ತುರುಕಿದೆ. ಎರಡು ಪೌಂಡಿನ ಸುತ್ತಿಗೆ, ನೇರ ಪೆಟ್ಟು. ಮೊದಲ ಮೂರಕ್ಕೆ ಏನೂ ಇಲ್ಲ. ನಾಲ್ಕನೆಯದಕ್ಕೆ ಸದ್ದು ಬದಲಾಯ್ತು, ಠಣ್ ಇದ್ದದ್ದು ದಪ್ ಆಯ್ತು. ಏಳೋ ಎಂಟೋ ಪೆಟ್ಟಿಗೆ ಗುಂಡು ಬಟ್ಟೆಯ ಮೇಲೆ ಬಿತ್ತು. ಮೈಮೇಲೆ ಗೆರೆಗಳು ಅಚ್ಚು ಹೊಡೆದ ಹಾಗೆ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಉಬ್ಬಿದ್ದರೆ ಒಳಗೆ ಉಂಗುರದ ಹಾಗೆ ಕಪ್ಪು ನೆರಳು ಕಾಣುತ್ತೆ. ಬಿಗಿ ಬಟ್ಟೆ ಹಾಕಿ ಎಳೆದಾಗಲೂ ಎಲ್ಲೂ ಸಡಿಲ ಆಗಲಿಲ್ಲ. ಎರಡೂವರೆ ಸಾವಿರ ತಗೊಂಡೆ. ಗೌಡ್ರು ಒಂದು ಕೇಜಿ ಕಾಫಿಪುಡಿ ಮೇಲಿಟ್ಟರು. ಉಳಿದ ಹಳೆ ತೋಟಾ ಯಾವುದನ್ನೂ ಹೊಡೆಯಬೇಡಿ ಅಂತ ಗಟ್ಟಿಯಾಗಿ ಹೇಳಿ ಕಳಿಸಿದೆ.

ನಡುವೆ ಒಂದು ಹುಚ್ಚು ಪ್ರಯೋಗ. ತಣಿದಾಗ ಉಕ್ಕಿಗಿಂತ ಸೀಸ ಜಾಸ್ತಿ ಕುಗ್ಗುತ್ತೆ ಅಲ್ವಾ, ಫ್ರೀಜರಿಗೆ ಇಟ್ಟರೆ? ರಿವಾಲ್ವರ್ ಅಲ್ಲ, ಸೀಸ ಕೂರಿಸಿದ ಅಂಥದ್ದೇ ಇನ್ನೊಂದು ಪೈಪಿನ ತುಂಡು. ರಾತ್ರಿಯಿಡೀ ಬಂಗುಡೆ ಮೀನಿನ ಪಕ್ಕ ಮಲಗಿತ್ತು, ಮನೆಯವಳಿಂದ ಬೈಗುಳವೂ ಸಿಕ್ಕಿತು. ಉಕ್ಕಿಗಿಂತ ಸೀಸ ಜಾಸ್ತಿ ಕುಗ್ಗೋದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲೂ ಇಲ್ಲ. ಹೊರಗೆ ತಂದ ಕೂಡಲೇ ಬೆವರಿ ಸಂಜೆಗೆ ತುಕ್ಕು. ಬಿಟ್ಟೆ.

ಬಾಯಿಯಿಂದ ಮದ್ದು, ಗುಂಡು ತುಂಬುವ ಕೇಪಿನ ಕೋವಿಯ ದಾರಿ ಬೇರೆ. ಅಲ್ಲಿ ಗುಂಡಿನ ಹಿಂದೆ ಮದ್ದು ಇದೆ ಅಂತಲೇ ತಿಳಿಯಬೇಕು, ಸುತ್ತಿಗೆ ಮುಟ್ಟಲೇಬಾರದು. ಕೇಪು ಕೂರುವ ನಿಪ್ಪಲ್ ಬಿಚ್ಚಿ, ಅದೇ ತಿರುಪಿನ ತೂತಿಗೆ ಗ್ರೀಸ್ ನಿಪ್ಪಲ್ ಕೂರಿಸಿ ಗ್ರೀಸ್ ಗನ್ನಿನಲ್ಲಿ ಒತ್ತಿದರೆ ಗುಂಡು ಮೆಲ್ಲಗೆ ಬಾಯಿಗೆ ಬರುತ್ತೆ. ತೊಳೆಯುವ ಕೆಲಸ ಮಾತ್ರ ದೇವರಿಗೇ ಪ್ರೀತಿ.

ನಿಜವಾಗಿ ಕೈ ನಡುಗಿದ್ದು ಇನ್ನೊಂದು ಕೇಸಲ್ಲಿ. ಗುಂಡು ಅರ್ಧ ನಳಿಗೆಯಲ್ಲಿ, ಅರ್ಧ ಸಿಲಿಂಡರಿನಲ್ಲಿ. ಸಿಲಿಂಡರ್ ತಿರುಗೋದೂ ಇಲ್ಲ, ಹೊರಗೆ ಬರೋದೂ ಇಲ್ಲ, ಸಿಲಿಂಡರಿನಲ್ಲಿ ತೋಟಾ ಕೂರುವ ಉಳಿದ ಐದು ಮನೆಯಲ್ಲಿ ಜೀವಂತ ತೋಟಾ. ಮೂರು ದಿನ ಎಣ್ಣೆ ಕುಡಿಸಿದೆ. ಕುದುರೆ (ಕೇಪಿಗೆ ಹೊಡೆಯುವ ಹ್ಯಾಮರ್) ಎಳೆಯಲಿಲ್ಲ, ಟ್ರಿಗರ್ ಹತ್ತಿರ ಬೆರಳು ಹೋಗಲಿಲ್ಲ. ಬಾಯಿ ಮರಳು ಚೀಲದ ಕಡೆಗೆ, ನಾನು ಪಕ್ಕದಲ್ಲಿ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ. ಹೊಡೆದು ಗುಂಡನ್ನು ಅದರ ಮನೆಗೇ ವಾಪಸ್ ಕೂರಿಸಿದ ಮೇಲೆ ಸಿಲಿಂಡರ್ ಬಿಟ್ಟುಕೊಂಡಿತು. ಮೊದಲು ಆ ಐದನ್ನು ತೆಗೆದೆ, ಆಮೇಲೆ ನೀರು ಕುಡಿದೆ. ಲೈಸೆನ್ಸ್ ಇರುವವರು ಮನೆಯಲ್ಲಿ ಇದನ್ನು ಮುಟ್ಟಬೇಡಿ, ರಿಪೇರಿಯವರನ್ನು ನೀವಿದ್ದಲ್ಲಿಗೇ ಕರೆಸಿ.

ಮೊನ್ನೆ ಹಿರಿಯರು ಇನ್ನೊಂದು ಕಳಿಸಿದ್ದಾರೆ. ಈ ಸಲ ತಾಮ್ರದ ಕವಚದ ಗುಂಡು, ಸೀಸಕ್ಕಿಂತ ಹಟಮಾರಿ. ಎಣ್ಣೆಯಲ್ಲಿ ನಾಲ್ಕನೇ ದಿನ. ನಾಳೆ ಬೆಳಿಗ್ಗೆ ಹೊಡೆಯೋದು. ಅವರೇ ನೋಡೋಕೆ ಬರ್ತಾರಂತೆ.