ಡ್ರೈ ಐಸ್ ಸುರಿದು ಡೀಸೆಲ್ ಬೆಂಕಿ ಆರಿಸಿದ್ದು: ನನ್ನ ಅನುಭವ

"ಎಣ್ಣೆ ಬೆಂಕಿಗೆ ಗಡ್ಡೆ ಹಾಕ್ತೀಯೇನಯ್ಯಾ? ಮೈಮೇಲೆ ಹಾರೀತು, ಹುಷಾರು!" ನಮ್ಮ ಹಿರಿಯ ತರಬೇತುದಾರರು ಅಂದ ಈ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಗಡ್ಡೆ ಅಂದರೆ ಡ್ರೈ ಐಸ್, ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್. ಅವರು ಅಂದದ್ದು ಸುಳ್ಳಲ್ಲ, ಮೊದಲ ಸಲ ಹಾರಿಯೇ ಹಾರಿತು. ಆದರೆ ಈಚಿನ ಹದಿನಾಲ್ಕು ಹದಿನೈದು ಪ್ರಯೋಗಗಳಲ್ಲಿ ನನ್ನ ಡೀಸೆಲ್ ಟ್ರೇ ಆರಿದ ಮೇಲೆ ಒಮ್ಮೆಯೂ ಮತ್ತೆ ಹೊತ್ತಿಕೊಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟ್ರೇ ಬೆಂಕಿ, ಅಂದರೆ ತಟ್ಟೆಯಲ್ಲಿ ಎಣ್ಣೆ ಹೊತ್ತಿಸಿ ಆರಿಸುವ ಅಗ್ನಿಶಾಮಕ ತರಬೇತಿ, ನಿಮ್ಮಲ್ಲಿ ಹಲವರಿಗೆ ಹೊಸದಲ್ಲ, ಹೆಚ್ಚಿನ ಪೀಠಿಕೆ ಬೇಡ. ನನ್ನದು ಎರಡಡಿ ಚೌಕದ ಕಬ್ಬಿಣದ ಟ್ರೇ, ಅಂಚು ಸುಮಾರು 15 ಸೆಂ.ಮೀ. ಎತ್ತರ. ಹತ್ತು ಲೀಟರ್ ಡೀಸೆಲ್, ಹೊತ್ತಿಸಲು ಮೇಲೊಂದಿಷ್ಟು ಪೆಟ್ರೋಲ್. ಒಂದು ನಿಮಿಷ ಚೆನ್ನಾಗಿ ಉರಿದ ಮೇಲೆಯೇ ಕೈ ಹಾಕುವುದು.

ಇದಕ್ಕೆ ಇಳಿಯಲು ಕಾರಣ ಬೆಂಕಿ ಆರಿಸುವ ನಮ್ಮ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು. ಹಾರ್ನ್ (ಅನಿಲ ಹೊರಬರುವ ಅಗಲ ಬಾಯಿ) ಹತ್ತಿರ ಹಿಡಿದರೆ ಅದರ ರಭಸಕ್ಕೆ ಉರಿಯುವ ಡೀಸೆಲ್ ಆಚೆ ಚಿಮ್ಮುತ್ತದೆ. ದೂರ ಹಿಡಿದರೆ ಅನಿಲವನ್ನೆಲ್ಲ ಗಾಳಿ ಹೊತ್ತೊಯ್ಯುತ್ತದೆ. ಆರಿತು ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಕಾದ ಅಂಚಿನಿಂದ ಭಗ್ಗನೆ ಮತ್ತೆ ಜ್ವಾಲೆ. ಒಂದೇ ಟ್ರೇಗೆ ಎರಡು ಸಿಲಿಂಡರ್ ಖಾಲಿಯಾಗಿ, ಎರಡರ ರೀಫಿಲ್ ಖರ್ಚೂ ತಲೆಮೇಲೆ ಬಿದ್ದ ದಿನ ಯೋಚನೆ ಬಂತು: ಅನಿಲ ಮೇಲಿಂದ ಊದುವ ಬದಲು ಡೀಸೆಲ್ಲಿನ ತಳದಿಂದಲೇ ಏಳುವಂತೆ ಮಾಡಿದರೆ? ಡ್ರೈ ಐಸ್ ಡೀಸೆಲ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಸಾಂದ್ರ, ಹಾಕಿದರೆ ಮುಳುಗುತ್ತದೆ. ಒಂದು ಕೆಜಿಯಿಂದ ಐನೂರು ಲೀಟರಿಗೂ ಹೆಚ್ಚು ಅನಿಲ. ಜೊತೆಗೆ ಮೈನಸ್ 78 ಡಿಗ್ರಿಯ ತಂಪು.

ಮೊದಲ ಪ್ರಯೋಗಕ್ಕೆ ಎರಡು ಕೆಜಿಯ ಇಡೀ ಇಟ್ಟಿಗೆಯನ್ನೇ ಉದ್ದ ಇಕ್ಕಳದಲ್ಲಿ ಹಿಡಿದು ಇಳಿಸಿದೆ. ಅದು ಕುಳಿತ ಕಡೆ ಮಾತ್ರ ಕೊತಕೊತ ಕುದಿಯಿತು, ಉಳಿದದ್ದೆಲ್ಲ ತನ್ನ ಪಾಡಿಗೆ ಉರಿಯುತ್ತಲೇ ಇತ್ತು. ಗುಳ್ಳೆಗಳೊಂದಿಗೆ ಎದ್ದ ಉರಿಹನಿಗಳು ನನ್ನ ಬೂಟಿನವರೆಗೂ ಬಂದವು. ಎರಡನೆಯದು ಇನ್ನೂ ಕೆಟ್ಟದ್ದು. ರೂಢಿಯಂತೆ ಟ್ರೇ ತಳದಲ್ಲಿ ನೀರು ಬಿಟ್ಟಿದ್ದೆ. ಡ್ರೈ ಐಸ್ ಡೀಸೆಲ್ ದಾಟಿ ನೀರಿಗೆ ಇಳಿದಾಗ ಎದ್ದ ಉಬ್ಬರಕ್ಕೆ ಡೀಸೆಲ್ ಅಂಚು ದಾಟಿ ನೆಲಕ್ಕೆ ಹರಿಯಿತು, ಬೆಂಕಿಯೂ ಹರಿಯಿತು. ಬೆಂಕಿ ಆರಿಸುವ ಪುಡಿ, ಕಂಬಳಿ ಎಲ್ಲ ಸಿದ್ಧವಿದ್ದುದರಿಂದ ಉಳಿದೆವು. ಅಂದಿನಿಂದ ಈ ಪ್ರಯೋಗಕ್ಕೆ ತಳದಲ್ಲಿ ನೀರು ಇಲ್ಲವೇ ಇಲ್ಲ. ಮೂರನೇ ಸಲ ಸುತ್ತಿಗೆಯಲ್ಲಿ ಪುಡಿ ಮಾಡಿ ಎರಚಿದೆ. ಜ್ವಾಲೆಯ ಸೆಳೆತಕ್ಕೆ ಸಿಕ್ಕಿ ಪುಡಿ ಡೀಸೆಲ್ ಮುಟ್ಟುವ ಮೊದಲೇ ಮೇಲಕ್ಕೆ ಹೋಯಿತು. ಒಂದು ಕೆಜಿ ಹೊಗೆಯ ಪಾಲು.

ದುಡ್ಡಿನ ಮಾತು ಹೇಳಲೇಬೇಕು. ಡ್ರೈ ಐಸನ್ನು ಕೂಡಿಡಲಾಗದು. ಸಂಜೆ ಹತ್ತು ಕೆಜಿ ತಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೆ ಬೆಳಿಗ್ಗೆಗೆ ಏಳು ಕೆಜಿ. ಗಾಳಿ ಜೋರಾಗಿದೆ ಅಂತ ಪ್ರಯೋಗ ಒಂದು ದಿನ ಮುಂದೆ ಹೋದರೆ ಅರ್ಧಕ್ಕರ್ಧ ಹೋಯಿತು. ಮೊದಲ ವರ್ಷ ನಾನು ಕೊಟ್ಟ ಹಣದಲ್ಲಿ ಸರಿಸುಮಾರು ಅರ್ಧ ಬೆಂಕಿಯನ್ನೇ ಕಾಣದೆ ಗಾಳಿಗೆ ಹೋಗಿದೆ, ಅದೂ ಪೂರ್ತಿ ನನ್ನ ಕೈಯಿಂದ. ಹಾಗಂತ ಪೆಟ್ಟಿಗೆಗೆ ಬಿಗಿ ಮುಚ್ಚಳ ಹಾಕಬೇಡಿ, ಒತ್ತಡಕ್ಕೆ ಸಿಡಿಯುತ್ತದೆ.

ಕೊನೆಗೆ ಕೈಹಿಡಿದದ್ದು ಪೆಲೆಟ್, ಅಂದರೆ ಡ್ರೈ ಐಸಿನ ಸಣ್ಣ ತುಂಡುಗಳು. ಅಕ್ಕಿಕಾಳಿನಂಥ 3 ಮಿ.ಮೀ.ದು ಒಂದು, ಬೆರಳು ಗಾತ್ರದ 16 ಮಿ.ಮೀ.ದು ಇನ್ನೊಂದು. ಒಂದರಿಂದಲೇ ಕೆಲಸ ಆಗುವುದಿಲ್ಲ, ಎರಡೂ ಬೇಕು, ಮತ್ತು ಕ್ರಮ ತಪ್ಪಬಾರದು. ಮೊದಲು ಸಣ್ಣದು, ಸುಮಾರು ಒಂದು ಕೆಜಿ, ಗಾಳಿ ಬರುವ ಕಡೆಯ ಅಂಚಿನುದ್ದಕ್ಕೂ ತಗ್ಗಿನಿಂದ ಸುರಿಯಬೇಕು. ಎರಚಬಾರದು. ಕೂಡಲೇ ಬೆಳ್ಳಗಿನ ಮಬ್ಬು ಎದ್ದು ಟ್ರೇಯೊಳಗೇ ತುಂಬಿಕೊಳ್ಳುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆಪಟ್ಟು ಭಾರ, ಎತ್ತರದ ಅಂಚು ಅದನ್ನು ಬಟ್ಟಲಿನಂತೆ ಹಿಡಿದಿಡುತ್ತದೆ. ಅಂಚು ಗಿಡ್ಡವಾದ ಟ್ರೇಯಲ್ಲಿ ನನಗೆ ಒಮ್ಮೆಯೂ ಫಲ ಸಿಕ್ಕಿಲ್ಲ. ಜ್ವಾಲೆ ಆಚೆಯ ಮೂಲೆಗೆ ಸರಿದು, ನೀಲಿಯಾಗಿ, ಬುಡದಿಂದ ಬಿಟ್ಟು ಹೋಗುವುದಕ್ಕೆ ಹದಿನೈದು ಇಪ್ಪತ್ತು ಸೆಕೆಂಡು. ಅಲ್ಲಿಗೆ ನಿಲ್ಲಿಸಿದರೆ ಮತ್ತೆ ಹೊತ್ತುತ್ತದೆ. ತಡಮಾಡದೆ ದಪ್ಪ ಪೆಲೆಟ್ ಇನ್ನೊಂದು ಕೆಜಿಯನ್ನು ಕಾದ ಅಂಚುಗಳ ಬುಡಕ್ಕೆ ಇಳಿಸಬೇಕು. ಇವು ಕರಗದೆ ನಿಧಾನಕ್ಕೆ ನೇರ ಆವಿಯಾಗುತ್ತ ಡೀಸೆಲ್ಲನ್ನೇ ತಣ್ಣಗೆ ಮಾಡುತ್ತವೆ. ಡೀಸೆಲ್ ತನ್ನ ಫ್ಲ್ಯಾಶ್ ಪಾಯಿಂಟಿಗಿಂತ (ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆ) ಕೆಳಗಿಳಿದರೆ ಕಿಡಿ ತಗುಲಿದರೂ ಹೊತ್ತದು. ಮೊದಲ ಸಲ ಗೆದ್ದ ದಿನ ಉರಿಯುವ ಪಂಜನ್ನು ಅದರ ಮೇಲೆ ಮೂರು ಸಲ ಆಡಿಸಿದೆ, ಏನೂ ಆಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಒಂದೊಂದು ಪೆಲೆಟ್ ಸುತ್ತಲೂ ಡೀಸೆಲ್ ಮೇಣದಂತೆ ಬೆಳ್ಳಗೆ ಹೆಪ್ಪುಗಟ್ಟಿತ್ತು, ಆ ಹೆಪ್ಪಿನ ಒಡಕಿನಿಂದ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು.

ಹಾಗೆ ಮಂಡಿಯೂರಿ ನೋಡಿದ್ದು ತಪ್ಪಾಯಿತು. ಅರೆ ನಿಮಿಷದಲ್ಲಿ ತಲೆ ಧಿಮ್ಮೆಂದು ಉಸಿರು ಏರತೊಡಗಿತು. ಗಾಳಿಯಲ್ಲಿ ಈ ಅನಿಲ ಶೇಕಡಾ ಹತ್ತರ ಹತ್ತಿರ ಹೋದರೆ ಪ್ರಜ್ಞೆಯೇ ತಪ್ಪುತ್ತದೆ. ಗುಂಡಿ, ನೆಲಮಾಳಿಗೆ, ಮುಚ್ಚಿದ ಶೆಡ್ಡಿನಲ್ಲಿ ದಯವಿಟ್ಟು ಯಾರೂ ಮಾಡಬೇಡಿ. ಒಬ್ಬರೇ ಇದ್ದಾಗಲಂತೂ ಬೇಡವೇ ಬೇಡ.

ಸುರಿಯಲು ಬಳಸುವುದು ಆರಡಿ ಹಿಡಿಯ ಜಾಲರಿ ಸೌಟು. ಸ್ಥಿರ ವಿದ್ಯುತ್ತಿನ ಕಿಡಿ ಹಾರದಿರಲೆಂದು ಅದರಿಂದ ಟ್ರೇಗೆ, ಟ್ರೇಯಿಂದ ನೆಲಕ್ಕೆ ತಂತಿ ಕಟ್ಟಿರುತ್ತೇನೆ. ಇದು ಅತಿಯಾಯಿತು ಅನ್ನುವವರು 1954ರಲ್ಲಿ ಜರ್ಮನಿಯ ಬಿಟ್‌ಬರ್ಗಿನಲ್ಲಿ ನಡೆದದ್ದನ್ನು ನೆನೆಯಬೇಕು. ಇಂಧನ ಟ್ಯಾಂಕಿನ ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆಯನ್ನು ಪರೀಕ್ಷಿಸುವಾಗಲೇ ಟ್ಯಾಂಕು ಸ್ಫೋಟಿಸಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಕಾರ್ಬನ್ ಡೈಆಕ್ಸೈಡ್ ಹಿಮದ ಕಣಗಳು ರಭಸದಿಂದ ನುಗ್ಗುವಾಗ ಹುಟ್ಟಿದ ಸ್ಥಿರ ವಿದ್ಯುತ್ತೇ ಕಾರಣವೆಂದು ಹೇಳುತ್ತಾರೆ. ಸೌಟಿನ ಜಾಲರಿಯ ಅಳತೆ ಮತ್ತು ಹಿಡಿಯ ಬಾಗು ಎಷ್ಟೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ತಿದ್ದಿ ತಿದ್ದಿ ಕೂಡಿಸಿದ್ದು ಅದು. ಕಲಿಯಲು ಬಂದವರಿಗೆ ಕೈಯಲ್ಲೇ ಕೊಟ್ಟು ತೋರಿಸುತ್ತೇನೆ.

ನಡುವೆ ಬೇರೆಯವನ್ನೂ ಸುಟ್ಟು ನೋಡಿದೆ. ಪೆಟ್ರೋಲ್ ಜ್ವಾಲೆ ಡೀಸೆಲ್‌ಗಿಂತ ಬೇಗ ಆರಿತು, ಆದರೆ ಐದರಲ್ಲಿ ಮೂರು ಸಲ ಮತ್ತೆ ಹೊತ್ತಿತು. ಅದರ ಫ್ಲ್ಯಾಶ್ ಪಾಯಿಂಟ್ ಮೈನಸ್ 40ರ ಆಸುಪಾಸು, ಇಡೀ ಟ್ರೇಯನ್ನು ಅಷ್ಟು ತಣಿಸಲು ನಾನು ತಂದ ಮಾಲು ಸಾಲದು. ಅಲ್ಲಿ ಫೋಮ್ (ಬೆಂಕಿ ಆರಿಸುವ ನೊರೆ) ಬಿಟ್ಟರೆ ದಾರಿಯಿಲ್ಲ. ಕಾದ ಅಡುಗೆ ಎಣ್ಣೆಯ ಪ್ರಯೋಗ ಎರಡಕ್ಕೇ ನಿಲ್ಲಿಸಿದೆ. ಹಳೆಯ ಪೆಲೆಟ್ ಮೇಲೆ ಗಾಳಿಯ ತೇವ ಹೆಪ್ಪುಗಟ್ಟಿ ಕೂತಿರುತ್ತದೆ, ಅದು ನೀರೇ ತಾನೆ. ಎಣ್ಣೆಗೆ ಬಿದ್ದೊಡನೆ ಚಟಚಟನೆ ಸಿಡಿದು ಮುಖಕವಚದ ತುಂಬ ಚುಕ್ಕೆ ಹಾಕಿತು. ಬಾಣಲೆಗೆ ಮುಚ್ಚಳವೇ ಸರಿ. ಮೆಗ್ನೀಷಿಯಂ ಚೂರಿನ ಮೇಲೆ ಹಾಕಿದರೆ ಬೆಂಕಿ ಆರುವುದಿಲ್ಲ, ಕಣ್ಣು ಕುಕ್ಕುವಂತೆ ಇನ್ನಷ್ಟು ಉರಿಯುತ್ತದೆ.

ಈಗ ನಮ್ಮ ಹಿರಿಯರೇ ತರಬೇತಿಯ ಕೊನೆಗೆ ಡ್ರೈ ಐಸ್ ಟ್ರೇ ಇಡಿಸುತ್ತಾರೆ. ಖರ್ಚು ಕೇಳಿದಾಗ ನಾನು ತೋರಿಸುವುದು ಡ್ರೈ ಐಸ್ ಬಿಲ್ಲನ್ನಲ್ಲ, ಮಾರನೆಯ ದಿನದ ಟ್ರೇಯನ್ನು. ಫೋಮ್ ಅಥವಾ ಪುಡಿ ಹಾಕಿದ ಡೀಸೆಲ್ ಅಲ್ಲಿಗೆ ಕೆಟ್ಟಿತು. ಇಲ್ಲಿ ಹಾಕಿದ್ದೆಲ್ಲ ಗಾಳಿಗೆ ಹೋಗಿರುತ್ತದೆ. ತಳದಲ್ಲಿ ಕೂತ ಒಂದಿಷ್ಟು ತೇವ ಬಸಿದು, ಮಸಿ ಸೋಸಿ, ಅದೇ ಡೀಸೆಲ್ಲನ್ನು ಮತ್ತೆ ಟ್ರೇಗೆ ಸುರಿದು ಹೊತ್ತಿಸುತ್ತೇನೆ. ಹತ್ತು ಲೀಟರಿನಲ್ಲಿ ಎಂಟಾದರೂ ಉಳಿದಿರುತ್ತದೆ.