ಒಂದೇ ಟಿವಿ: ಆಟಕ್ಕೊಂದು ಹದ, ಸಿನಿಮಾಕ್ಕೊಂದು ಹದ

ಹೊಸ ಟಿವಿ ಬಂದರೆ ನಾನು ಮೊದಲು ಮಾಡುವ ಕೆಲಸ ‘ವಿವಿಡ್’ ಮೋಡ್ ಬಿಟ್ಟು ಹೊರಬರುವುದು. ಅಂಗಡಿಯ ಝಗಝಗ ದೀಪಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲು ಅದು ಸರಿ. ಮನೆಯಲ್ಲಿ ಬಿಳಿಯೆಲ್ಲ ನೀಲಿ ಹೆಚ್ಚಾದ ಪಂಚೆಯಂತೆ ಕಾಣುತ್ತದೆ. ಸಿನಿಮಾದ ಬಣ್ಣ ತಿದ್ದುವವರು ಬಿಳಿಗೆ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸುಮಾರು 6500 ಕೆಲ್ವಿನ್ (ಬಣ್ಣದ ತಾಪಮಾನದ ಅಳತೆ; ಅಂಕಿ ಏರಿದಷ್ಟೂ ಬಿಳಿ ನೀಲಿಯತ್ತ, ಇಳಿದಷ್ಟೂ ಹಳದಿಯತ್ತ). ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಅದಕ್ಕೆ ಹತ್ತಿರ. ಮೊದಮೊದಲು ಮನೆಯವರು ‘ಎಲ್ಲ ಹಳದಿ’ ಎಂದು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣು ಒಗ್ಗಿದ ಮೇಲೆ ಅವರೇ ಸುಮ್ಮನಾದರು.

ಶಾರ್ಪ್‌ನೆಸ್ ಇಳಿಸಲು ನನಗೆ ವಾರ್ತಾವಾಹಿನಿಯ ಅಕ್ಷರಗಳೇ ಸಾಕು. ತಲೆಕಟ್ಟು, ಒತ್ತುಗಳ ಸುತ್ತ ತೆಳುವಾದ ಬಿಳಿ ಅಂಚು ಕಾಣುತ್ತಿದ್ದರೆ ಅದು ಟಿವಿ ತಾನಾಗಿ ಸೇರಿಸಿದ್ದು. ಅಂಚು ಮಾಯವಾಗುವಲ್ಲಿಗೆ ನಿಲ್ಲಿಸುತ್ತೇನೆ.

ಮೋಷನ್ ಸ್ಮೂದಿಂಗ್ ವಿಷಯಕ್ಕೆ ನಮ್ಮಲ್ಲಿ ಜಗಳವೇ ಇದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು. ನಡುವಿನ ಚಿತ್ರಗಳನ್ನು ಟಿವಿ ಊಹಿಸಿ ತುಂಬಿದರೆ ದೊಡ್ಡ ಪರದೆಯ ಸಿನಿಮಾವೂ ಧಾರಾವಾಹಿಯಂತಾಗುತ್ತದೆ. ಅಪ್ಪನಿಗೆ ಮಾತ್ರ ಕ್ರಿಕೆಟ್‌ಗೆ ಅದು ಬೇಕು. ಚೆಂಡು ಬೌಂಡರಿಯತ್ತ ಹೋಗುವಾಗ ಪ್ರೇಕ್ಷಕರ ಹಿನ್ನೆಲೆಯಲ್ಲಿ ಚೂರಾಗಿ ಕಾಣದಷ್ಟು, ಅಂದರೆ ಕನಿಷ್ಠ ಮಟ್ಟದಲ್ಲಿ, ಸೆಟ್‌ಟಾಪ್ ಬಾಕ್ಸ್‌ನ ಇನ್‌ಪುಟ್‌ಗೆ ಮಾತ್ರ ಉಳಿಸಿದ್ದೇನೆ.

ವೀಡಿಯೊ ಗೇಮ್‌ಗೆ ಅದು ಸಲ್ಲದು. ನಡುವಿನ ಚಿತ್ರ ಊಹಿಸಬೇಕಾದರೆ ಟಿವಿ ಮುಂದಿನ ಚಿತ್ರ ಬರುವವರೆಗೆ ಕಾಯಲೇಬೇಕು. ಸೆಕೆಂಡಿಗೆ 60 ಫ್ರೇಮ್‌ಗಳ (ಚಿತ್ರಗಳ) ಆಟದಲ್ಲಿ ಒಂದೊಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್, ಇಂಥವು ಕೆಲವು ಸೇರಿದರೆ ಬಟನ್ ಒತ್ತಿದ್ದಕ್ಕೂ ಬ್ಯಾಟ್ ಬೀಸಿದ್ದಕ್ಕೂ ತಾಳ ತಪ್ಪುತ್ತದೆ. ಗೇಮ್ ಮೋಡ್ ಈ ಸಂಸ್ಕರಣೆಯನ್ನೆಲ್ಲ ಬಹುಪಾಲು ಕಳಚುತ್ತದೆ. ಆದರೆ ಕೆಲವು ಟಿವಿಗಳಲ್ಲಿ ಬಣ್ಣವನ್ನೂ ತಣ್ಣಗಾಗಿಸುತ್ತದೆ, ಅಂದರೆ ನೀಲಿಯತ್ತ ವಾಲಿಸುತ್ತದೆ, ಹಾಗಾಗಿ ಅಲ್ಲೂ ‘ವಾರ್ಮ್’ ಮತ್ತೆ ಹಾಕಬೇಕು. ಎಲ್ಲ ಎಚ್‌ಡಿಎಂಐ ಪೋರ್ಟ್‌ಗಳೂ 4ಕೆ 120 ಹರ್ಟ್ಸ್ (4ಕೆ ಸ್ಪಷ್ಟತೆಯಲ್ಲಿ ಸೆಕೆಂಡಿಗೆ 120 ಚಿತ್ರ) ಕೊಡುವುದಿಲ್ಲ; ಆಟದ ಕನ್ಸೋಲ್ ಸಿಕ್ಕಿಸುವ ಮುನ್ನ ಪೋರ್ಟ್‌ನ ಪಕ್ಕದ ಬರಹ ಓದಿ.

ಪ್ಲೇಸ್ಟೇಷನ್ 5 ಕನ್ಸೋಲ್‌ನ ಎಚ್‌ಡಿಆರ್ (ಬೆಳಕು-ನೆರಳಿನ ಹರವು ಹೆಚ್ಚಿರುವ ಚಿತ್ರ) ಹೊಂದಾಣಿಕೆಗೆ ಹೆಚ್ಚು ತಾಳ್ಮೆ ಬೇಕು. ಮೊದಲು ಟಿವಿಯ ಟೋನ್ ಮ್ಯಾಪಿಂಗ್‌ನಲ್ಲಿ (ಬಂದ ಹೊಳಪನ್ನು ಪರದೆಯ ಮಿತಿಗೆ ಹೊಂದಿಸುವ ಸೆಟ್ಟಿಂಗ್) ಆ ಹೊಂದಿಕೆಯನ್ನು ಆಟಕ್ಕೇ ಬಿಡುವ ‘ಎಚ್‌ಜಿಐಜಿ’ ಇದ್ದರೆ ಅದನ್ನು ಆರಿಸುತ್ತೇನೆ. ಇಲ್ಲವಾದರೆ ದೃಶ್ಯಕ್ಕೆ ತಕ್ಕಂತೆ ಹೊಳಪು ಬದಲಿಸುವ ‘ಡೈನಾಮಿಕ್’ ಅನ್ನು ಆಫ್ ಮಾಡುತ್ತೇನೆ. ಆಮೇಲೆ ಕನ್ಸೋಲ್ ತೋರಿಸುವ ಚಿಹ್ನೆ ಕಂಡೂ ಕಾಣದಂತಾಗುವವರೆಗೆ ಒಂದೊಂದೇ ಹೆಜ್ಜೆ ಒತ್ತುತ್ತಾ ಹೋಗುವುದು. ಈ ಕ್ರಮ ತಿರುವು ಮುರುವಾದರೆ ಅಳೆದದ್ದು ವ್ಯರ್ಥ. ರಾತ್ರಿ ಆಡುವವನಾದ್ದರಿಂದ ರಾತ್ರಿಯೇ, ಎಂದಿನ ದೀಪ ಹಚ್ಚಿಕೊಂಡೇ ಮಾಡುತ್ತೇನೆ.

ಅನೇಕ ಟಿವಿಗಳು ಸಾಮಾನ್ಯ ಚಿತ್ರ, ಎಚ್‌ಡಿಆರ್, ಡಾಲ್ಬಿ ವಿಷನ್‌ (ಎಚ್‌ಡಿಆರ್‌ನದೇ ಒಂದು ಬಗೆ) ಇವುಗಳ ಸೆಟ್ಟಿಂಗ್‌ಗಳನ್ನು ಬೇರೆಬೇರೆಯಾಗಿ ನೆನಪಿಡುತ್ತವೆ. ಆಯಾ ಬಗೆಯ ವೀಡಿಯೊ ಓಡುತ್ತಿರುವಾಗಲೇ ಅವನ್ನು ತಿದ್ದಬೇಕು. ತಿದ್ದಿದ ಮೇಲೆ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳುತ್ತೇನೆ: ಅಪ್ಪ ರಿಮೋಟ್ ಹಿಡಿದು ಏನೇನೋ ಒತ್ತುವವರು.