ಅಡಿಕೆ ಶೆಡ್ಡಿನಲ್ಲಿ ಒಂದು ಎಲ್ವಿಶ್ ಕತ್ತಿ

ನಾನು ಮಾಡಿದ ಮೊದಲ ‘ಸ್ಟಿಂಗ್’ ಕತ್ತಿ ಹಿಡಿದು ನೋಡಿದ ನಮ್ಮೂರ ಕಮ್ಮಾರ ಆಚಾರ್ರು ಹೇಳಿದ್ದು ಒಂದೇ ಮಾತು. “ತಮ್ಮಾ, ಇದು ಕತ್ತಿ ಅಲ್ಲ, ತಗಡು.”

ಮೂರು ತಿಂಗಳ ಕೆಲಸ ಅದು. ಸಿಟ್ಟು ಬಂತು. ಆದರೆ ಮನೆಗೆ ಬಂದು ಮತ್ತೆ ನೋಡಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು. ಆಕಾರ ಸರಿಯಿತ್ತು, ಬಣ್ಣ ಸರಿಯಿತ್ತು, ಅಕ್ಷರವೂ ಸರಿಯಿತ್ತು. ಆದರೂ ಅಂಗಡಿ ಬೋರ್ಡಿನಿಂದ ಕತ್ತರಿಸಿ ತೆಗೆದ ಹಾಗೆ ಕಾಣುತ್ತಿತ್ತು.

ಸ್ಟಿಂಗ್ ಅಂದರೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದಲ್ಲಿ ಬಿಲ್ಬೊ ತಾನು ಸಾಕಿದ ಫ್ರೋಡೊಗೆ ಕೊಡುವ ಚಿಕ್ಕ ಕತ್ತಿ. ಎಲ್ಫ್ ಎಂಬ ಜನ ಮಾಡಿದ್ದು, ಅದಕ್ಕೇ ಎಲ್ವಿಶ್. ಓರ್ಕ್ ಎಂಬ ರಾಕ್ಷಸರು ಹತ್ತಿರ ಬಂದರೆ ನೀಲಿಯಾಗಿ ಹೊಳೆಯುತ್ತದೆ. ಮೊದಲ ಭಾಗ ಬಂದದ್ದು 2001ರಲ್ಲಿ. ಆಯುಧಗಳನ್ನೆಲ್ಲ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿರುವ ವೇಟಾ ವರ್ಕ್‌ಶಾಪ್ ಮಾಡಿತ್ತು, ಅಲ್ಲಿನ ಕತ್ತಿ ಕಮ್ಮಾರ ಪೀಟರ್ ಲಯನ್. ಹತ್ತಿರದಿಂದ ತೋರಿಸುವ ಕತ್ತಿ ಉಕ್ಕಿನದು. ಹೊಡೆದಾಟಕ್ಕೆ ಅಲ್ಯುಮಿನಿಯಂನದು. ಬಿದ್ದು ಏಳುವ ದೃಶ್ಯಗಳಿಗೆ ರಬ್ಬರಿನಂಥ ಮೆತ್ತನೆಯದು.

ನಾನು ಅಲ್ಯುಮಿನಿಯಂ ಆರಿಸಿಕೊಂಡೆ. ಒಂದು ಕಾರಣ, ಅದನ್ನು ಅರದಿಂದಲೇ ತೀಡಬಹುದು, ಕುಲುಮೆ ಬೇಡ. ಇನ್ನೊಂದು ಕಾರಣ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಖಡ್ಗದ ಹೆಸರಿದೆ. ಅಲಗು 9 ಇಂಚು ಮೀರಿದ ಚಾಕುಗಳೂ ಆ ಪಟ್ಟಿಯಲ್ಲಿವೆ, ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ನಮ್ಮ ಮನೆಯಲ್ಲಿ ತೋಟದ ಕತ್ತಿಗಳು ಸಾಲಾಗಿ ತೂಗುತ್ತವೆ, ಯಾರೂ ಕೇಳುವುದಿಲ್ಲ. ಹಾಗಂತ ಹರಿತವಾದ ಉಕ್ಕಿನ ಖಡ್ಗ ಮಾಡಿ ಗೋಡೆಗೆ ನೇತುಹಾಕುವ ಧೈರ್ಯ ನನಗಿಲ್ಲ. ಹಾಗಾಗಿ ನನ್ನದಕ್ಕೆ ಹರಿತವೇ ಇಲ್ಲ. ಅಂಚಿನಲ್ಲಿ ಒಂದೂವರೆ ಮಿಲಿಮೀಟರ್ ದಪ್ಪ ಬಿಟ್ಟು, ಕೊನೆಯನ್ನು ದುಂಡಗೆ ಮಾಡಿದ್ದೇನೆ.

ಅಳತೆಯದ್ದೇ ದೊಡ್ಡ ತಲೆನೋವು. ಸಿನಿಮಾ ನಿಲ್ಲಿಸಿ ಚಿತ್ರ ತೆಗೆದುಕೊಂಡೆ. ಫ್ರೋಡೊನ ಅಂಗೈ ಅಗಲವನ್ನೇ ಅಳತೆಗೋಲು ಮಾಡಿಕೊಂಡೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ. ಒಂದೊಂದು ದೃಶ್ಯದಲ್ಲಿ ಒಂದೊಂದು ಉದ್ದ ಬಂತು. ಆಮೇಲೆ ಗೊತ್ತಾಯಿತು: ಫ್ರೋಡೊನ ಜನರಾದ ಹಾಬಿಟ್‌ಗಳನ್ನು ಕುಳ್ಳಗೆ ತೋರಿಸಬೇಕು ಅಂತ ಆ ಸಿನಿಮಾಕ್ಕೆ ಎಷ್ಟೋ ಸಾಮಾನುಗಳನ್ನು ಎರಡೆರಡು ಅಳತೆಯಲ್ಲಿ ಮಾಡಿದ್ದರು. ಬೆನ್ನು ತೋರಿಸಿ ನಿಂತವನು ಕೆಲವು ಕಡೆ ಬೇರೆ ಮನುಷ್ಯ. ಅವನ ಕೈಯೂ ಬೇರೆ. ಜೊತೆಗೆ ಕತ್ತಿ ಸ್ವಲ್ಪ ಕ್ಯಾಮೆರಾ ಕಡೆ ವಾಲಿದರೂ ಗಿಡ್ಡವಾಗಿ ಕಾಣುತ್ತದೆ.

ಕೊನೆಗೆ ಕೈ ಅಳೆಯುವುದನ್ನೇ ಬಿಟ್ಟೆ. ಮಾರಾಟಕ್ಕೆ ಬಂದ ಅಧಿಕೃತ ಪ್ರತಿಕೃತಿಯ ಒಟ್ಟು ಉದ್ದ ಸುಮಾರು 58 ಸೆಂ.ಮೀ. ಅದನ್ನೇ ಆಧಾರ ಇಟ್ಟುಕೊಂಡೆ. ಕತ್ತಿ ಅಡ್ಡಲಾಗಿ, ನೇರವಾಗಿ ಕಾಣುವ ಚಿತ್ರಗಳನ್ನು ಮಾತ್ರ ಆರಿಸಿ, ಅಲಗಿಗೂ ಹಿಡಿಗೂ ಇರುವ ಅನುಪಾತ ನೋಡಿದೆ. ನಿಜ ಗಾತ್ರದಲ್ಲಿ ಪ್ರಿಂಟ್ ತೆಗೆಸಿ ರಟ್ಟಿಗೆ ಅಂಟಿಸಿ ಕತ್ತರಿಸಿದೆ. ರಟ್ಟಿನ ಕತ್ತಿ ಹಿಡಿದು ಅಂಗಳದಲ್ಲಿ ತಿರುಗಾಡಿದೆ. ಅಪ್ಪಯ್ಯ ನೋಡಿದರು. “ಏನೋ ಇದು? ಯಕ್ಷಗಾನಕ್ಕೆ ಸೇರ್ಕೊಂಡ್ಯಾ?” ಅಂದರು.

ಆದರೆ ರಟ್ಟಿನಲ್ಲಿ ದಪ್ಪ ಕಾಣುವುದಿಲ್ಲ. ಚಿತ್ರದಲ್ಲೂ ಕಾಣುವುದಿಲ್ಲ. ಆಚಾರ್ರು ತಗಡು ಅಂದದ್ದು ಇದಕ್ಕೇ. ನಾನು 6 ಮಿ.ಮೀ. ಪಟ್ಟಿಯನ್ನು ಬುಡದಿಂದ ತುದಿವರೆಗೆ ಒಂದೇ ದಪ್ಪದಲ್ಲಿ ಬಿಟ್ಟು, ಬದಿಗಳನ್ನಷ್ಟೇ ಇಳಿಜಾರು ಮಾಡಿದ್ದೆ. ಅವರು ತಮ್ಮ ಕುಲುಮೆಯ ಪಕ್ಕದಿಂದ ಒಂದು ಹಳೆ ಕತ್ತಿ ತೆಗೆದು ಅದರ ಬೆನ್ನು ತೋರಿಸಿದರು. ಬುಡದಲ್ಲಿ ದಪ್ಪ, ಮುಂದೆ ಹೋದಂತೆ ತೆಳು. “ಸುಮ್ನೆ ಅಲ್ಲ ಇದು. ಕೈಗೆ ಭಾರ ಬರಬಾರ್ದು ಅಂತ.” ಉಕ್ಕಿನ ಕತ್ತಿಗೆ ಅದು ಕೆಲಸದ ಅಗತ್ಯ. ನನ್ನಂಥ ಆಟದ ಕತ್ತಿಗೆ ಅದು ಕಣ್ಣಿನ ಅಗತ್ಯ. ಬೆಳಕು ಅಲಗಿನ ಮೇಲೆ ಜಾರಬೇಕಾದರೆ ದಪ್ಪ ಕರಗುತ್ತ ಹೋಗಬೇಕು.

ಎರಡನೇ ಪಟ್ಟಿ ತಂದೆ. ಬುಡದಲ್ಲಿ 6, ತುದಿಯ ಹತ್ತಿರ 3 ಮಿ.ಮೀ. ಮೊದಲು ದಪ್ಪ ಇಳಿಸಿದೆ, ಆಮೇಲೆ ನಡುವಿನ ಗೆರೆ ಎಳೆದು ಬದಿಗಳನ್ನು ತೀಡಿದೆ. ಈ ಕ್ರಮ ಹಿಂದುಮುಂದಾದರೆ ನಡುಗೆರೆ ಹಾವಿನ ಹಾಗೆ ಹರಿಯುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ. ಅಲ್ಯುಮಿನಿಯಂ ಪುಡಿ ಅರದ ಹಲ್ಲಿಗೆ ಕಚ್ಚಿಕೊಂಡು ಹೊಸ ಗೀರು ಬೀಳಿಸುತ್ತದೆ. ಅರಕ್ಕೆ ಆಗಾಗ ಸೀಮೆಸುಣ್ಣ ತಿಕ್ಕಿದರೆ ಕಚ್ಚುವುದು ಕಡಿಮೆ. ಪಾಲಿಶ್ ಕಾಗದ 120 ನಂಬರಿನಿಂದ ಶುರು ಮಾಡಿ 800ರವರೆಗೆ ಹೋದೆ. ಕೊನೆಯ ಸುತ್ತು ಉದ್ದಕ್ಕೆ ಮಾತ್ರ, ಅಡ್ಡ ಒಂದೂ ಎಳೆಯಲಿಲ್ಲ. ಕನ್ನಡಿಯಂತೆ ಹೊಳೆಸಿದರೆ ಸ್ಟೀಲ್ ಅಂಗಡಿಯ ಸೌಟಿನ ಹಾಗೆ ಕಾಣುತ್ತದೆ.

ಅಲಗಿನ ಮೇಲಿನ ಬರಹ ನನಗೆ ಜಾಸ್ತಿ ಖುಷಿ ಕೊಟ್ಟ ಕೆಲಸ. ಭಾಷೆ ಸಿಂಡರಿನ್, ಲಿಪಿ ತೆಂಗ್ವಾರ್, ಎರಡೂ ಮೂಲ ಕಾದಂಬರಿ ಬರೆದ ಟೋಲ್ಕಿನ್ ಕಟ್ಟಿದ್ದು. ಮೈಗ್ನಸ್ ಅಂದರೆ ಸ್ಟಿಂಗ್‌ಗೆ ಆ ಭಾಷೆಯಲ್ಲಿರುವ ಹೆಸರು. ‘ಮೈಗ್ನಸ್ ನನ್ನ ಹೆಸರು, ನಾನು ಜೇಡಗಳ ಕೊಲೆಗಾರ’ ಎಂಬ ಅರ್ಥ. ಈ ಲಿಪಿಯನ್ನು ಕಲಿಯಲು ಕೂತಾಗ ನಗು ಬಂತು. ಟೋಲ್ಕಿನ್ ಅಕ್ಷರಗಳನ್ನು ನಮ್ಮ ವರ್ಣಮಾಲೆಯ ಹಾಗೇ ಜೋಡಿಸಿದ್ದಾರೆ. ತ-ದ ಒಂದು ಸಾಲು, ಪ-ಬ ಒಂದು ಸಾಲು, ಕ-ಗ ಒಂದು ಸಾಲು. ತ ಅಕ್ಷರಕ್ಕೆ ಬಿಲ್ಲಿನಂಥ ಒಂದು ಬಾಗು ಇದ್ದರೆ ದ ಅಕ್ಷರಕ್ಕೆ ಎರಡು. ಪ ಮತ್ತು ಬ ಕೂಡ ಹಾಗೇ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಉರು ಹೊಡೆದವರಿಗೆ ಅರ್ಧ ದಿನದ ಪಾಠ.

ಅಕ್ಷರದ ಕೊರೆಯಚ್ಚನ್ನು ತೀರ್ಥಹಳ್ಳಿಯಲ್ಲಿ ಬೈಕ್ ನಂಬರ್ ಪ್ಲೇಟಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿಯಲ್ಲಿ ಮಾಡಿಸಿದೆ. “ಇದ್ಯಾವ ದೇವರ ಮಂತ್ರ ಸಾರ್?” ಅಂತ ಕೇಳಿದ ಹುಡುಗ ನಾನು ಕೊಟ್ಟದ್ದಕ್ಕಿಂತ ಅಂದವಾಗಿ ಸಾಲು ಜೋಡಿಸಿಕೊಟ್ಟ.

ಕೊರೆಯಲು ಏನು ಬಳಸುವುದು? ತಾಮ್ರ, ಹಿತ್ತಾಳೆಗೆ ಫೆರಿಕ್ ಕ್ಲೋರೈಡ್ ಒಳ್ಳೆಯದು. ಅಲ್ಯುಮಿನಿಯಂ ಮೇಲೆ ಅದು ಕುದಿದು ರಂಪ ಮಾಡುತ್ತದೆ. ಅಲ್ಯುಮಿನಿಯಂಗೆ ಬೇಕಾದ್ದು ಮೈಲುತುತ್ತ ಮತ್ತು ಅಡುಗೆ ಉಪ್ಪು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ ಶೆಡ್ಡಿನಲ್ಲೇ ಚೀಲದಲ್ಲಿತ್ತು! ಅಪ್ಪಯ್ಯನಿಗೆ ಹೇಳದೆ ಒಂದು ಲೋಟ ತೆಗೆದೆ.

ಆಸೆ ಜಾಸ್ತಿಯಾಗಿ ದ್ರಾವಣ ಗಟ್ಟಿಯಾಯಿತು. ಎರಡೇ ನಿಮಿಷದಲ್ಲಿ ಬಿಸಿಯೇರಿ ಬುಸುಗುಟ್ಟಿತು. ಸ್ಟಿಕ್ಕರ್ ಎದ್ದು ಅಕ್ಷರದ ಅಂಚು ತಿಂದುಹೋಯಿತು. ಆ ಬದಿಯನ್ನು ಮತ್ತೆ ಪೂರ್ತಿ ತೀಡಬೇಕಾಯಿತು. ಎರಡನೇ ಸಲ ನೀರು ಧಾರಾಳವಾಗಿ ಸೇರಿಸಿದೆ. ಹತ್ತಿಯಲ್ಲಿ ಅದ್ದಿ ಇಟ್ಟು, ಎರಡು ನಿಮಿಷಕ್ಕೊಮ್ಮೆ ಮೇಲೆ ಕೂರುವ ಕೆಂಪು ತಾಮ್ರದ ಕೆಸರನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಹತ್ತು ಸುತ್ತು ಆದ ಮೇಲೆ ಉಗುರಿಗೆ ತಾಗುವಷ್ಟು ಆಳ ಬಂತು. ಹೈಡ್ರೋಜನ್ ಅನಿಲ ಏಳುತ್ತದೆ, ಹಾಗಾಗಿ ಅಂಗಳದಲ್ಲಿ, ಬೆಂಕಿಯಿಂದ ದೂರ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಮಾಡಿ. ಆಮೇಲೆ ಕಪ್ಪು ಬಣ್ಣ ತುಂಬಿ ಒರೆಸಿದರೆ ಅಕ್ಷರ ಮಾತ್ರ ಉಳಿಯುತ್ತದೆ.

ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿ ಅಲಗಿನ ಕಡೆ ಬಾಗಿದೆ. ಅದನ್ನು ಜೇಡಿಮಣ್ಣಿನಂಥ ಮಾಡೆಲಿಂಗ್ ಕ್ಲೇಯಲ್ಲಿ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಅಲ್ಯುಮಿನಿಯಂ ಪುಡಿ ಕಲಸಿದ ರೆಸಿನ್ ಸುರಿದೆ. ಗಟ್ಟಿಯಾದ ಮೇಲೆ ಉಕ್ಕಿನ ನಾರಿನಿಂದ ಉಜ್ಜಿದರೆ ಪುಡಿ ಮೇಲೆದ್ದು ಲೋಹದ ಹೊಳಪು ಬರುತ್ತದೆ. ಆಗ ಜುಲೈ. ಪಾಲಿಯುರಥೇನ್ ರೆಸಿನ್‌ಗೆ ತೇವ ಆಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ತೇವ ಇಲ್ಲದ್ದು ಯಾವುದು? ಮೂರು ಎರಕವೂ ರವೆ ಇಡ್ಲಿಯ ಹಾಗೆ ಗುಳ್ಳೆಗುಳ್ಳೆಯಾಗಿ ಬಂದವು. ಕೊನೆಗೆ ಎಪಾಕ್ಸಿ ತರಿಸಿದೆ. ಒಂದು ದಿನ ಕಾಯಬೇಕು, ಆದರೆ ಗುಳ್ಳೆ ಇಲ್ಲ.

ಹಿಡಿಗೆ ಬೀಟೆ ಮರದ ಚೂರು, ಹಳೆ ಮಂಚದ ಕಾಲು. ಅದರ ಮೇಲೆ ಬೆಳ್ಳಿಬಣ್ಣದ ಬಳ್ಳಿ ಹಬ್ಬಬೇಕು. ಬಣ್ಣದಲ್ಲಿ ಬರೆದು ನೋಡಿದೆ, ಚೆನ್ನಾಗಿರಲಿಲ್ಲ. ಬೀದರಿನ ಬಿದ್ರಿ ಕೆಲಸದಲ್ಲಿ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರಲ್ಲ, ಅದೇ ಉಪಾಯ ಮರಕ್ಕೆ ಹೊಂದಿಸಿದೆ. ಅಕ್ಕಸಾಲಿಗರಿಂದ ಒಂದು ಮಿಲಿಮೀಟರ್ ದಪ್ಪದ ತಂತಿ ತಂದು, ಗೆರೆಯನ್ನು ತಂತಿಗಿಂತ ಒಂದು ಕೂದಲೆಳೆ ಕಿರಿದಾಗಿ ಕೊರೆದು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಇಳಿಸಿದೆ. ಬಳ್ಳಿ ತಿರುಗುವ ಜಾಗಗಳಲ್ಲಿ ತಂತಿ ಎದ್ದೆದ್ದು ಬರುತ್ತಿತ್ತು, ಅಲ್ಲಿ ಒಂದು ಹನಿ ಫೆವಿಕ್ವಿಕ್. ಒಂದೇ ಹಿಡಿಗೆ ಹದಿನಾರು ಸಂಜೆ ಹೋಯಿತು.

ಅಲ್ಯುಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಕೈಗೆ ಖಾಲಿ ಅನ್ನಿಸಬಾರದು ಅಂತ ಹಿಡಿಯ ತುದಿಯ ಗುಂಡಿನೊಳಗೆ ಮೀನುಗಾಳಕ್ಕೆ ಕಟ್ಟುವ ಸೀಸ ತುಂಬಿದೆ. ಈಗ ಒಟ್ಟು 480 ಗ್ರಾಂ.

ದೀಪಾವಳಿ ಕಳೆದ ಮೇಲೆ ಎರಡನೆಯದನ್ನು ಆಚಾರ್ರ ಹತ್ತಿರ ತಗೊಂಡು ಹೋದೆ. ಒಂದು ಕಣ್ಣು ಮುಚ್ಚಿ ಅಲಗಿನ ಉದ್ದಕ್ಕೂ ನೋಡಿದರು. ಬೆರಳ ಮೇಲೆ ತೂಗಿಸಿದರು. “ಅಡ್ಡಪಟ್ಟಿ ಎಡಕ್ಕೆ ವಾಲಿದೆ” ಅಂದರು. ವಾಲಿದೆ, ನಿಜ. ಅಂಟಿಸಿದ ಎಪಾಕ್ಸಿ ಗಟ್ಟಿಯಾಗುವಾಗ ಜಾರಿರಬೇಕು, ಈಗ ಬಿಚ್ಚಿದರೆ ಬೀಟೆ ಸೀಳುತ್ತದೆ. ಕತ್ತಿ ವಾಪಸು ಕೊಟ್ಟು, ನಾನು ತಂದಿದ್ದ ರಟ್ಟಿನ ಅಚ್ಚು ಮಾತ್ರ ಇಟ್ಟುಕೊಳ್ಳುತ್ತೇನೆ ಅಂದರು. ಅದು ಈಗ ಅವರ ಕುಲುಮೆಯ ಗೋಡೆಯಲ್ಲಿ, ಅಡಿಕೆ ಕತ್ತಿಯ ಅಚ್ಚುಗಳ ಮಧ್ಯೆ ಮೊಳೆಗೆ ತೂಗುತ್ತಿದೆ.